ಹೊಳೆದರೆ ಸಾಲದು

ಸೀಸ ಸೇರಿದ ರಕ್ತ ತಾನಾಗಿಯೇ ಹೊಳೆಯುತ್ತದೆ. ಮೂಳೆಯ ಮಜ್ಜೆಯಲ್ಲಿ ಕೆಂಪು ಕಣಗಳು ತಯಾರಾಗುವಾಗ ಪ್ರೋಟೊಪಾರ್ಫಿರಿನ್ ಎಂಬ ಬಳೆಯಾಕಾರದ ಅಣುವಿನ ನಟ್ಟನಡುವೆ ಕಬ್ಬಿಣ ಬಂದು ಕೂರಬೇಕು. ಕೂತರೆ ಅದು ಹಿಮೋಗ್ಲೋಬಿನ್ನಿನ ಭಾಗವಾಗುತ್ತದೆ. ಮೈಗೆ ಸೀಸ ಹೊಕ್ಕರೆ ಈ ಕೆಲಸ ಕೆಡುತ್ತದೆ, ಕಬ್ಬಿಣದ ಜಾಗಕ್ಕೆ ಸತು ಬರುತ್ತದೆ. ಕಬ್ಬಿಣವಿರುವ ಅಣು ಹೊಳೆಯುವುದಿಲ್ಲ. ಸತುವಿರುವ ಅಣು ನೇರಳೆ-ನೀಲಿ ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಈ ಹೊಳಪನ್ನು ಅಳೆಯುವ ಪುಟ್ಟ ಉಪಕರಣವೊಂದನ್ನು ರೂಪಿಸಿದರು. ಒಂದು ಹನಿ ರಕ್ತವನ್ನು ಗಾಜಿನ ತುಣುಕಿನ ಮೇಲೆ ಹಾಕಿದರೆ ಸಾಕು, ಮಗುವಿನ ಮೈಯಲ್ಲಿ ಸೀಸ ತನ್ನ ಕೆಲಸ ಶುರುಮಾಡಿದೆಯೇ ಎಂಬುದು ಅಲ್ಲೇ ತಿಳಿಯುತ್ತಿತ್ತು. ಹಳೆಯ ಮನೆಗಳ ಗೋಡೆಯಿಂದ ಉದುರುವ ಸೀಸದ ಬಣ್ಣ ಬಾಯಿಗೆ ಹೋಗುತ್ತಿದ್ದ ಅಲ್ಲಿನ ಮಕ್ಕಳ ತಪಾಸಣೆಗೆ ಈ ಪರೀಕ್ಷೆ ವರ್ಷಗಟ್ಟಲೆ ಬಳಕೆಯಾಯಿತು.

ಅದು ಮೂಲೆಗೆ ಸರಿದ ಬಗೆಯನ್ನೂ ನೋಡಬೇಕು. ಸೀಸ ಎಷ್ಟು ಕಡಿಮೆಯಿದ್ದರೂ ಮಕ್ಕಳ ಬುದ್ಧಿಗೆ ಪೆಟ್ಟು ತಪ್ಪದು ಎಂಬುದು ಗೊತ್ತಾಗುತ್ತ ಹೋದಂತೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರ್ ರಕ್ತಕ್ಕೆ 25 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. 2021ರಿಂದ ಅದು 3.5. ರಕ್ತದ ಕೆಂಪು ಹೊಳಪಾದರೋ ನೆಚ್ಚಿಕೊಳ್ಳುವಷ್ಟು ಏರುವುದು 25ರ ಆಸುಪಾಸಿನಲ್ಲಿ. ಇನ್ನೊಂದು ತೊಡಕು ನಮಗೆ ಹೆಚ್ಚು ತಾಗುವಂಥದು. ಬರಿಯ ಕಬ್ಬಿಣದ ಕೊರತೆಯಿದ್ದರೂ ಅದೇ ಜಾಗಕ್ಕೆ ಅದೇ ಸತು ಬಂದು ಕೂರುತ್ತದೆ, ಅದೇ ಕೆಂಪು ಹೊಳೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ದೇಶದಲ್ಲಿ ಆ ಹೊಳಪನ್ನಷ್ಟೇ ನಂಬಿ ಸೀಸವೆಂದು ತೀರ್ಪು ಕೊಡಲು ಯಾವ ವೈದ್ಯರಿಗೂ ಧೈರ್ಯ ಬಾರದು.

ಹೊಳಪು ಕಂಡಿತು ಎನ್ನುವುದಕ್ಕೂ ಲೋಹ ಸಿಕ್ಕಿತು ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಈ ಹಳೆಯ ಪರೀಕ್ಷೆ ತೋರಿಸಿಕೊಟ್ಟಿದೆ. ಆದರೆ ಕಳೆದ ಇಪ್ಪತ್ತು–ಇಪ್ಪತ್ತೈದು ವರ್ಷಗಳಲ್ಲಿ ರಸಾಯನಶಾಸ್ತ್ರದ ನಿಯತಕಾಲಿಕೆಗಳನ್ನು ತುಂಬಿರುವ ಭಾರಲೋಹದ ಪ್ರತಿದೀಪ್ತಿ ಶೋಧಕಗಳನ್ನು ನೋಡಿದಾಗ ಆ ದೂರವನ್ನು ನಾವು ಮರೆತಂತೆ ಕಾಣುತ್ತದೆ. ಪಾದರಸಕ್ಕೆ, ಸೀಸಕ್ಕೆ, ಕ್ಯಾಡ್ಮಿಯಂಗೆ ಹೊಸಹೊಸ ಅಣುಗಳು ಬರುತ್ತಲೇ ಇವೆ. ಪ್ರತಿಯೊಂದರ ಕೊನೆಯಲ್ಲೂ ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಇಲ್ಲವೇ ಕೆಂಪಾಗಿ ಹೊಳೆಯುವ ಜೀವಕೋಶಗಳ ಚಿತ್ರ. ಚಿತ್ರ ಚೆನ್ನಾಗಿರುತ್ತದೆ. ಅದು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿದರೆ ಹೆಚ್ಚಿನವುಗಳಲ್ಲಿ ಉತ್ತರ ಸಿಗದು. ಶೋಧಕವೊಂದರ ಬೆಲೆ ಅದು ಎಷ್ಟು ಹೊಳೆಯಿತು ಎಂಬುದರಲ್ಲಿಲ್ಲ, ಬೇರೆ ಯಾವ ಉಪಕರಣವೂ ಹೇಳಲಾರದ ಯಾವ ಸಂಗತಿಯನ್ನು ಅದು ಹೇಳಿತು ಎಂಬುದರಲ್ಲಿದೆ. ಈ ಅಳತೆಗೋಲನ್ನು ಕೈಗೆತ್ತಿಕೊಳ್ಳದಿದ್ದರೆ ಒಂದು ಒಳ್ಳೆಯ ವಿದ್ಯೆ ವ್ಯರ್ಥವಾಗುತ್ತದೆ ಎಂಬುದು ನನ್ನ ಆತಂಕ.

ಈ ವಿದ್ಯೆಯ ತಳಹದಿ ಸರಳ. ಕೆಲವು ಅಣುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಸ್ವಲ್ಪ ಶಕ್ತಿ ಕಳೆದುಕೊಂಡು, ಇನ್ನೊಂದು ಬಣ್ಣದಲ್ಲಿ ಹೊರಬಿಡುತ್ತವೆ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣವನ್ನು ಇಟ್ಟುಕೊಂಡು ಇದನ್ನು ವಿವರಿಸಿದರು. ಇಂಥ ಅಣುವಿಗೆ ಲೋಹವನ್ನು ಹಿಡಿಯಬಲ್ಲ ಇನ್ನೊಂದು ಭಾಗವನ್ನು ಜೋಡಿಸಿದರೆ ಶೋಧಕ ಸಿದ್ಧ. ಲೋಹ ಇಲ್ಲದಾಗ ಹಿಡಿಯುವ ಭಾಗದ ಎಲೆಕ್ಟ್ರಾನ್ ಹೊಳೆಯುವ ಭಾಗಕ್ಕೆ ಹಾರಿ ಬೆಳಕನ್ನು ನಂದಿಸುತ್ತಿರುತ್ತದೆ. ಲೋಹ ಬಂದು ಆ ಎಲೆಕ್ಟ್ರಾನನ್ನು ಹಿಡಿದುಕೊಂಡಾಗ ಬೆಳಕು ಹೊತ್ತಿಕೊಳ್ಳುತ್ತದೆ. ಇದನ್ನೊಂದು ವಿನ್ಯಾಸಶಾಸ್ತ್ರವನ್ನಾಗಿ ಬೆಳೆಸಿದವರಲ್ಲಿ ಶ್ರೀಲಂಕಾ ಮೂಲದ, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಎ. ಪ್ರಸನ್ನ ಡಿ ಸಿಲ್ವ ಅವರ ಹೆಸರು ದೊಡ್ಡದು. ಭಾರಲೋಹಗಳ ವಿಷಯದಲ್ಲಿ ಒಂದು ಹೆಚ್ಚಿನ ಕಷ್ಟವಿದೆ. ಪಾದರಸ, ಸೀಸದಂಥ ತೂಕದ ಪರಮಾಣುಗಳು ಹತ್ತಿರ ಬಂದರೆ ಹೊಳಪನ್ನೇ ನುಂಗಿಬಿಡುವ ಸ್ವಭಾವದವು. ಬೆಳಕು ಆರಿದ್ದನ್ನು ನೋಡಿ ಲೋಹವಿದೆ ಎನ್ನುವುದಕ್ಕಿಂತ ಹೊತ್ತಿದ್ದನ್ನು ನೋಡಿ ಹೇಳುವುದು ಸುಲಭ, ಭದ್ರ. ಪಾದರಸಕ್ಕೆ ಗಂಧಕವೆಂದರೆ ಬಿಡದ ಹಸಿವು. 1992ರಲ್ಲಿ ಅಮೆರಿಕದ ಆಂಟನಿ ಜಾರ್ನಿಕ್ ಮತ್ತು ಸಂಗಡಿಗರು ಆ ಹಸಿವನ್ನೇ ಬಳಸಿಕೊಂಡರು. ಅಣುವಿನಲ್ಲಿದ್ದ ಗಂಧಕವನ್ನು ಪಾದರಸ ಕಿತ್ತುಕೊಂಡು ಹೋದಾಗ ಹಿಂದುಳಿದ ಅಣು ಹೊಳೆಯತೊಡಗುತ್ತಿತ್ತು. 2005ರಲ್ಲಿ ದಕ್ಷಿಣ ಕೊರಿಯಾದ ರಸಾಯನಜ್ಞರು ರೋಡಮೀನ್ ಬಣ್ಣದ ಮೇಲೆ ಇದೇ ಉಪಾಯ ಹೂಡಿದರು. ಆಮೇಲೆ ಬಂದ ರೋಡಮೀನ್ ಶೋಧಕಗಳ ಸಾಲಿಗೆ ಕೊನೆಯೇ ಇಲ್ಲ.

ಈ ಕ್ಷೇತ್ರದಲ್ಲಿ ಒಂದು ಶೋಧಕ ಹೇಗಿರಬೇಕು ಎಂಬುದಕ್ಕೆ ಮಾದರಿ ಭಾರಲೋಹದ್ದಲ್ಲ, ಕ್ಯಾಲ್ಸಿಯಂನದು. ರೋಜರ್ ಚೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದದ್ದು ಹಸಿರಾಗಿ ಹೊಳೆಯುವ ಪ್ರೋಟೀನಿನ ಕೆಲಸಕ್ಕೆ. ಆದರೆ ಅದಕ್ಕೂ ಮುಂಚೆ, 1980ರ ಸುಮಾರಿಗೆ ಕೇಂಬ್ರಿಜ್‌ನಲ್ಲಿದ್ದಾಗ, ಅವರು ಕೈಹಾಕಿದ್ದು ನೇರವಾದ ಒಂದು ಜೀವಶಾಸ್ತ್ರದ ಪ್ರಶ್ನೆಗೆ. ನರಕೋಶ ಪ್ರಚೋದನೆಗೊಂಡಾಗ ಒಳಗಿನ ಕ್ಯಾಲ್ಸಿಯಂ ಎಷ್ಟು ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ? ಆಗ ಬಳಕೆಯಲ್ಲಿದ್ದ ಇಜಿಟಿಎ ಎಂಬ ಅಣು ಕ್ಯಾಲ್ಸಿಯಂ ಹಿಡಿಯುತ್ತಿತ್ತು, ಆದರೆ ಕೋಶದೊಳಗಿನ ಆಮ್ಲೀಯತೆ ತುಸು ಹೆಚ್ಚುಕಡಿಮೆಯಾದರೂ ಅದರ ಹಿಡಿತ ಬದಲಾಗಿಬಿಡುತ್ತಿತ್ತು. ಚೆನ್ ಅದರ ಸಾರಜನಕಗಳನ್ನು ಬೆಂಜೀನ್ ಉಂಗುರಗಳಿಗೆ ಜೋಡಿಸಿ ಬಾಪ್ಟಾ ಎಂಬ ಅಣು ಕಟ್ಟಿದರು. ಆಮ್ಲೀಯತೆಯ ಕಾಟ ತಪ್ಪಿತು. ಕೋಶದಲ್ಲಿ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುವ ಮೆಗ್ನೀಸಿಯಂನ ಕಾಟವೂ ತಪ್ಪಿತು. ಮರುವರ್ಷ ಅವರು ಅಣುವಿನ ಆಮ್ಲದ ತುದಿಗಳನ್ನು ಎಸ್ಟರಿನಿಂದ ಮುಚ್ಚಿ ಕೋಶದೊಳಗೆ ತಾನಾಗಿ ಜಿನುಗುವಂತೆ ಮಾಡಿದರು. ಒಳಗಿನ ಕಿಣ್ವಗಳು ಆ ಮುಚ್ಚಳ ಕತ್ತರಿಸಿದ ಮೇಲೆ ಅಣು ಹೊರಬರಲಾರದೆ ಅಲ್ಲೇ ಉಳಿಯುತ್ತದೆ. 1985ರ ಫ್ಯೂರಾ-2 ಎರಡು ಬಣ್ಣದ ಬೆಳಕಿಗೆ ಬೇರೆಬೇರೆಯಾಗಿ ಸ್ಪಂದಿಸುತ್ತದೆ, ಆದ್ದರಿಂದ ಎರಡರ ಅನುಪಾತ ನೋಡಿದರೆ ಸಾಕು, ಕೋಶದಲ್ಲಿ ಎಷ್ಟು ಬಣ್ಣ ಸೇರಿಕೊಂಡಿದೆ ಎಂಬುದು ಲೆಕ್ಕ ಕೆಡಿಸದು. ಎಲ್ಲಕ್ಕಿಂತ ಮುಖ್ಯವಾದದ್ದು, ವಿಶ್ರಾಂತಿಯಲ್ಲಿರುವ ಕೋಶದೊಳಗಿನ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್. ಫ್ಯೂರಾ-2ರ ಹಿಡಿತವೂ ಸರಿಸುಮಾರು ಅದೇ ಮಟ್ಟದ್ದು. ಅಳೆಯಬೇಕಾದ್ದಕ್ಕೆ ತಕ್ಕ ಹಿಡಿತ. ಹೊಳಪಿನ ಚೆಲುವಿಗಾಗಿ ಅಲ್ಲ, ಕೋಶದ ಅಗತ್ಯಕ್ಕಾಗಿ ಪ್ರತಿಯೊಂದು ಬಂಧವನ್ನೂ ಆರಿಸಲಾಗಿತ್ತು. ಜಗತ್ತಿನ ಜೀವಶಾಸ್ತ್ರಜ್ಞರು ಈ ಬಣ್ಣಗಳನ್ನು ತಮ್ಮ ದಿನಬಳಕೆಗೆ ತೆಗೆದುಕೊಂಡದ್ದು ಈ ಕಾರಣಕ್ಕೆ.

ಕ್ಯಾಲ್ಸಿಯಂಗೆ ಇಷ್ಟು ಚೆನ್ನಾಗಿ ಹೊಂದಿದ ಫ್ಯೂರಾ-2 ಸೀಸದ ಮುಂದೆ ಸೋಲುತ್ತದೆ. ಸೀಸದ ಅಯಾನನ್ನು ಅದು ಕ್ಯಾಲ್ಸಿಯಂಗಿಂತ ಸಾವಿರಾರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಕೆಲವು ಸಂಶೋಧಕರು ಇದನ್ನೇ ಅನುಕೂಲ ಮಾಡಿಕೊಂಡು ಸೀಸ ಕೋಶದೊಳಗೆ ನುಗ್ಗುವುದನ್ನು ಅದರಿಂದಲೇ ಅಳೆದಿದ್ದಾರೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಮರ್ಮ ಇಲ್ಲಿದೆ. ಸೀಸ ವಿಷವಾಗುವುದಕ್ಕೂ ಶೋಧಕ ಮೋಸಹೋಗುವುದಕ್ಕೂ ಕಾರಣ ಒಂದೇ. ಸೀಸ ಕ್ಯಾಲ್ಸಿಯಂನಂತೆ ನಟಿಸಿ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ, ಮಿದುಳಿಗೆ ದಾಟುತ್ತದೆ; ಕ್ಯಾಲ್ಸಿಯಂಗಾಗಿ ಕಾದಿರುವ ಕ್ಯಾಲ್ಮಾಡುಲಿನ್‌ನಂಥ ಪ್ರೋಟೀನನ್ನು ಅದಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ; ಹಿಮೋಗ್ಲೋಬಿನ್ನಿನ ತಯಾರಿಗೆ ಬೇಕಾದ ಕಿಣ್ವವೊಂದರಿಂದ ಸತುವನ್ನು ಹೊರಹಾಕಿ ತಾನು ಕೂರುತ್ತದೆ. ಕ್ಯಾಡ್ಮಿಯಂ ಸತುವಿನ ದಾರಿಯಲ್ಲೇ ಒಳಬಂದು ಮೂತ್ರಪಿಂಡದಲ್ಲಿ ದಶಕಗಟ್ಟಲೆ ಠಿಕಾಣಿ ಹೂಡುತ್ತದೆ. ಜಪಾನಿನ ಜಿನ್‌ಜು ನದಿಯ ದಂಡೆಯ ಹೆಂಗಸರ ಮೂಳೆಗಳನ್ನು ಮುರಿದ ಇಟಾಯ್-ಇಟಾಯ್ ರೋಗದ ಮೂಲ ಅದು. ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡಾಗ ಮೆಥಿಯೊನೀನ್‌ನಂತೆ ಕಾಣುತ್ತದೆ, ಮಿದುಳಿನ ಕಾವಲು ಪದರ ಅದನ್ನು ತನ್ನವನೆಂದೇ ಒಳಬಿಡುತ್ತದೆ. ನಾಲ್ಕು ನೂರು ಕೋಟಿ ವರ್ಷಗಳ ಕಾಲ ಲೋಹಗಳೊಡನೆ ಒಡನಾಡಿದ ಜೀವವೇ ಗುರುತು ಹಿಡಿಯಲು ತಪ್ಪುವ ಕಡೆ, ಬಾಟಲಿಯಲ್ಲಿ ಒಂದೊಂದೇ ಲೋಹವನ್ನು ಬೆರೆಸಿ ನೋಡಿದ ನಮ್ಮ ಅಣು ತಪ್ಪುವುದಿಲ್ಲ ಎಂದು ಹೇಳುವುದು ಬಹಳ ದೊಡ್ಡ ಮಾತು. ಆ ಮಾತಿಗೆ ಅಷ್ಟೇ ದೊಡ್ಡ ಸಾಕ್ಷ್ಯ ಬೇಕು.

ಪ್ರಮಾಣದ ವಿಷಯಕ್ಕೆ ಬಂದರೆ ಸಮಸ್ಯೆ ಇನ್ನೂ ಆಳವಾಗುತ್ತದೆ. ನಮ್ಮ ಮೈಯ ಸಾಮಾನ್ಯ ಕೋಶವೊಂದರ ಗಾತ್ರವನ್ನು ಒಂದು ಪಿಕೋಲೀಟರ್ ಎಂದಿಟ್ಟುಕೊಳ್ಳೋಣ, ಅಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ. ಅಷ್ಟರಲ್ಲಿ ಒಂದೇ ಒಂದು ಅಯಾನು ತೇಲುತ್ತಿದ್ದರೆ ಅದರ ಸಾಂದ್ರತೆ ಸುಮಾರು 1.7 ಪಿಕೋಮೋಲಾರ್. ಇನ್ನು ಕೋಶದಲ್ಲಿ ಗಂಧಕವಿರುವ ಗ್ಲುಟಾಥಯೋನ್ ಎಂಬ ಪುಟ್ಟ ಅಣು 1ರಿಂದ 10 ಮಿಲಿಮೋಲಾರ್‌ನಷ್ಟಿದೆ, ಅದರ ಜೊತೆಗೆ ಲೋಹಗಳನ್ನು ಹಿಡಿದಿಡಲೆಂದೇ ಇರುವ ಮೆಟಲೋಥಯೋನೀನ್ ಪ್ರೋಟೀನುಗಳಿವೆ. ಒಳಬಂದ ಪಾದರಸಕ್ಕೆ ಇವು ಕ್ಷಣವೂ ಬಿಡುವು ಕೊಡುವುದಿಲ್ಲ. ರಾಸಾಯನಿಕ ಲೆಕ್ಕ ಹಾಕಿದರೆ ಕೋಶದಲ್ಲಿ ಬಿಡಿಯಾಗಿ ತಿರುಗುವ ಪಾದರಸದ ಅಯಾನು ಒಂದಕ್ಕಿಂತಲೂ ಎಷ್ಟೋ ಕಡಿಮೆ ಎಂದಾಗುತ್ತದೆ. ಅಂದರೆ ಬಹುಪಾಲು ಹೊತ್ತು ಒಂದೂ ಇರುವುದಿಲ್ಲ. ತಾಮ್ರದ ವಿಷಯದಲ್ಲಿ ಥಾಮಸ್ ಓಹ್ಯಾಲರನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಇದನ್ನೇ ತೋರಿಸಿದ್ದರು: ಯೀಸ್ಟ್ ಕೋಶದಲ್ಲಿ ಬಿಡಿ ತಾಮ್ರದ ಅಯಾನು ಕೋಶಕ್ಕೆ ಒಂದು ಸಹ ಇಲ್ಲ.

ಹಾಗಾದರೆ ಶೋಧಕಕ್ಕೆ ಕಾಣುವುದೇನು? ಕೋಶದ ಅಣುಗಳ ಹಿಡಿತದಿಂದ ಅದು ಕಿತ್ತುಕೊಳ್ಳಲು ಸಾಧ್ಯವಾದಷ್ಟು ಮಾತ್ರ. ಒಡವೆಯೆಲ್ಲ ಬ್ಯಾಂಕಿನ ಲಾಕರಿನಲ್ಲಿರುವಾಗ ಜೇಬು ತಡಕಿದವನಿಗೆ ಸಿಗುವುದು ಚಿಲ್ಲರೆ. ಆ ಚಿಲ್ಲರೆಯಿಂದ ಮನೆಯ ಆಸ್ತಿ ಹೇಳಲಾಗದು. ಆದರೆ ಚಿಲ್ಲರೆಯ ಲೆಕ್ಕವೂ ಬೇಕಾದದ್ದೇ, ಏಕೆಂದರೆ ಓಡಾಡಿ ಹಾನಿ ಮಾಡುವುದು ಅದು. ಇಲ್ಲಿ ಒಳ್ಳೆಯ ಶೋಧಕಕ್ಕೆ ನಿಜವಾದ ಕೆಲಸವಿದೆ. ಪರಮಾಣು ಹೀರಿಕೆ, ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೆಟ್ರಿಯಂಥ ವಿಧಾನಗಳು ಒಟ್ಟು ಲೋಹವನ್ನು ಬಲು ನಿಖರವಾಗಿ ಹೇಳುತ್ತವೆ, ಆದರೆ ಕೋಶವನ್ನು ಆಮ್ಲದಲ್ಲಿ ಕರಗಿಸಿದ ಮೇಲೆ. ಜೀವಂತವಿರುವಾಗ ಆ ಲೋಹ ಎಲ್ಲಿತ್ತು, ಯಾವ ರೂಪದಲ್ಲಿತ್ತು, ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಅವಕ್ಕೆ ಗೊತ್ತಾಗದು.

ಈಗ ಮಾಮೂಲಿ ಸಂಶೋಧನಾ ಲೇಖನವೊಂದರ ಪ್ರಯೋಗವನ್ನು ಬಿಡಿಸಿ ನೋಡೋಣ. ಹೆಚ್ಚಾಗಿ ಪ್ರಯೋಗಾಲಯಗಳಲ್ಲಿ ಬೆಳೆಸುವ ಹೀಲಾ ಕೋಶಗಳು. ಮೊದಲು ಸುಮಾರು 10 ಮೈಕ್ರೋಮೋಲಾರ್ ಶೋಧಕ, ಆಮೇಲೆ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಪಾದರಸದ ಲವಣ, ಅರ್ಧ ಗಂಟೆ, ಚಿತ್ರ. 10 ಮೈಕ್ರೋಮೋಲಾರ್ ಪಾದರಸವೆಂದರೆ ಲೀಟರಿಗೆ 2 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ಅಂದರೆ ಇದು ಅದರ ಎರಡು ಸಾವಿರ ಪಟ್ಟು. ನೀರಿನ ಮಿತಿಯನ್ನು ನೇರವಾಗಿ ಕೋಶಕ್ಕೆ ಹೋಲಿಸಲಾಗದು ನಿಜ, ಮೈಯೊಳಗೆ ಪಾದರಸ ಶೇಖರವಾಗುತ್ತದೆ. ಆದರೂ ಈ ಪ್ರಮಾಣದಲ್ಲಿ ಲೋಹ ಸುರಿದ ಮೇಲೆ ಅದು ಒಳಗಿದೆಯೇ ಎಂದು ಕೇಳಬೇಕಾದ ಅಗತ್ಯವೇ ಇರುವುದಿಲ್ಲ, ಸಂಶೋಧಕರೇ ಸುರಿದಿದ್ದಾರೆ. ಈ ಪ್ರಯೋಗ ಸಾಬೀತು ಮಾಡುವುದು ಆ ಅಣು ಪರೀಕ್ಷಾ ನಳಿಕೆಯಲ್ಲಿ ಮಾಡಿದ ಕೆಲಸವನ್ನು ಕೋಶದ ಹತ್ತಿರವೂ ಮಾಡುತ್ತದೆ ಎಂಬುದನ್ನು ಮಾತ್ರ.

ಅದಾದರೂ ಖಚಿತವೇ? ರೋಡಮೀನ್ ಶೋಧಕಗಳನ್ನೇ ತೆಗೆದುಕೊಳ್ಳಿ. ಅವುಗಳ ಮುಚ್ಚಿದ ಉಂಗುರ ಲೋಹ ಬಂದಾಗ ತೆರೆದು ಹೊಳೆಯುತ್ತದೆ. ಆಮ್ಲ ಸಿಕ್ಕರೂ ತೆರೆಯುತ್ತದೆ. ಕೋಶದೊಳಗೆ ಲೈಸೋಸೋಮುಗಳೆಂಬ ಚೀಲಗಳ ಪಿಎಚ್ ಸುಮಾರು 4.5ರಿಂದ 5, ಅಲ್ಲಿ ಲೋಹ ಇಲ್ಲದೆಯೂ ಹೊಳಪು ಬರಬಹುದು. ತೆರೆದ ರೋಡಮೀನ್ ಧನ ವಿದ್ಯುದಾವೇಶ ಹೊತ್ತಿರುತ್ತದೆ, ಆದ್ದರಿಂದ ಮೈಟೊಕಾಂಡ್ರಿಯಾದ ಕಡೆಗೆ ತಾನಾಗಿ ಸೆಳೆಯಲ್ಪಡುತ್ತದೆ. ಹಾಗೆ ಸೆಳೆದ ಬಣ್ಣ ಅಲ್ಲಿ ಹೊಳೆದಾಗ ಪಾದರಸ ಮೈಟೊಕಾಂಡ್ರಿಯಾದಲ್ಲಿದೆ ಎಂದು ಬರೆದರೆ ಅದು ಬಣ್ಣದ ವಿಳಾಸವೇ ಹೊರತು ಲೋಹದ್ದಲ್ಲ. ಗಂಧಕ ಕಿತ್ತುಕೊಂಡು ಹೋಗುವ ಬಗೆಯ ಶೋಧಕಗಳಲ್ಲಿ ಕ್ರಿಯೆ ಹಿಂದಕ್ಕೆ ತಿರುಗದು. ಒಮ್ಮೆ ಹೊತ್ತಿದ್ದು ಲೋಹ ಹೊರಹೋದ ಮೇಲೂ ಹೊತ್ತೇ ಇರುತ್ತದೆ, ಹಾಗಾಗಿ ಅದರಿಂದ ಏರಿಳಿತ ತಿಳಿಯದು. ಇನ್ನು ಶೋಧಕ ತಾನೇ ಲೋಹ ಹಿಡಿಯುವ ವಸ್ತು. ಕೋಶದಲ್ಲಿ ಅದು ಹೊರಗಿಗಿಂತ ಹತ್ತಾರು ಪಟ್ಟು ಜಮಾಯಿಸಬಲ್ಲದು. ಆಗ ಅದು ಲೋಹದ ಇರವನ್ನು ಹೇಳುವ ಬದಲು ಲೋಹವನ್ನು ಪ್ರೋಟೀನುಗಳಿಂದ ಬಿಡಿಸಿ ಕೋಶವನ್ನು ಕಾಪಾಡುತ್ತಿರಬಹುದು. ಸೀಸದ ವಿಷಕ್ಕೆ ವೈದ್ಯರು ಕೊಡುವ ಮದ್ದುಗಳೂ ಹೀಗೆ ಲೋಹ ಹಿಡಿಯುವ ಅಣುಗಳೇ ತಾನೇ.

ಇವುಗಳಿಗೆ ಪರಿಹಾರ ಇಲ್ಲವೆಂದಲ್ಲ. ಲೋಹ ಹಿಡಿಯುವ ಭಾಗವನ್ನಷ್ಟೇ ಕುರುಡಾಗಿಸಿದ ಜೋಡಿ ಅಣುವೊಂದನ್ನು ಮಾಡಿ ಅದೇ ಕೋಶದಲ್ಲಿ ನೋಡಬಹುದು. ಅದೂ ಹೊಳೆದರೆ ಮೂಲ ಅಣುವಿನ ಹೊಳಪು ಸುಳ್ಳು. ಇನ್ನೂ ಗಟ್ಟಿಯಾಗಿ ಹಿಡಿಯುವ ಅಣುವನ್ನು ಆಮೇಲೆ ಸೇರಿಸಿ ಬೆಳಕು ಆರುತ್ತದೆಯೇ ನೋಡಬಹುದು. ಅದೇ ಕೋಶಗಳನ್ನು ಕೊನೆಗೆ ಕರಗಿಸಿ ಒಟ್ಟು ಲೋಹ ಎಷ್ಟಿತ್ತೆಂದು ತಾಳೆ ನೋಡಬಹುದು. ಇವೆಲ್ಲ ಬೇಡುವುದು ಶ್ರಮ, ಸಮಯ ಮತ್ತು ಪಕ್ಕದ ವಿಭಾಗದ ಸ್ನೇಹ. ಲೇಖನ ಅಚ್ಚಾಗಲು ಇವು ಕಡ್ಡಾಯವಲ್ಲದಿರುವವರೆಗೆ ಬಹಳ ಮಂದಿ ಮಾಡುವುದಿಲ್ಲ.

ನಮ್ಮ ದೇಶದಲ್ಲಿ ಈ ಕ್ಷೇತ್ರ ಇಷ್ಟು ಹಬ್ಬಿದ್ದಕ್ಕೆ ಕಾರಣ ಅರ್ಥವಾಗುವಂಥದೇ. ಆಲ್ಡಿಹೈಡ್ ಒಂದು, ಅಮೈನ್ ಒಂದು, ಎಥನಾಲಿನಲ್ಲಿ ಕುದಿಸಿದರೆ ಲೋಹ ಹಿಡಿಯಬಲ್ಲ ಶಿಫ್ ಬೇಸ್ ಎಂಬ ಅಣು ಸಿಗುತ್ತದೆ. ದುಬಾರಿ ವಸ್ತು ಬೇಡ, ಕತ್ತಲ ಕೋಣೆ ಬೇಡ. ಒಂದು ಯುವಿ ದೀಪ, ವಿಭಾಗಕ್ಕೊಂದು ಪ್ರತಿದೀಪ್ತಿಮಾಪಕ ಸಾಕು. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದಲ್ಲಿ, ಆರು ತಿಂಗಳು ತಡವಾಗಿ ಬರುವ ಶಿಷ್ಯವೇತನ ನಂಬಿಕೊಂಡು ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ಇದು ಕೈಗೆಟುಕುವ ವಿಜ್ಞಾನ. ಅವರು ಸಂಶ್ಲೇಷಣೆ ಕಲಿಯುತ್ತಾರೆ, ಹರಳು ಬೆಳೆಸಲು ಕಲಿಯುತ್ತಾರೆ, ಎನ್‌ಎಂಆರ್ ಓದಲು ಕಲಿಯುತ್ತಾರೆ. ಇದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಮೂಲ ರಸಾಯನಶಾಸ್ತ್ರಕ್ಕೆ ತಕ್ಷಣದ ಉಪಯೋಗ ಕೇಳಬಾರದು ಎಂಬ ವಾದವನ್ನೂ ನಾನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಲೇಖನದ ಮೊದಲ ವಾಕ್ಯಕ್ಕೂ ಕೊನೆಯ ವಾಕ್ಯಕ್ಕೂ. ಮೊದಲ ವಾಕ್ಯ ಪಾದರಸದ ವಿಷದಿಂದ ಜಪಾನಿನ ಮಿನಮಾಟಾದಲ್ಲಾದ ಸಾವುಗಳನ್ನು ನೆನೆಯುತ್ತದೆ, ಕೊನೆಯ ವಾಕ್ಯ ರೋಗನಿರ್ಣಯದ ಭರವಸೆ ಕೊಡುತ್ತದೆ, ನಡುವೆ ಇರುವುದು ಅಸಿಟೋನೈಟ್ರೈಲ್ ಎಂಬ ದ್ರಾವಕ ಬೆರೆಸಿದ ನೀರಿನಲ್ಲಿ ನಡೆದ ಪ್ರಯೋಗ. ಮೂಲ ವಿಜ್ಞಾನ ಮಾಡಿದ್ದರೆ ಮೂಲ ವಿಜ್ಞಾನವೆಂದೇ ಹೇಳಲಿ, ಅದಕ್ಕೆ ಅದರದೇ ಗೌರವವಿದೆ. ಸತ್ತವರ ಹೆಸರು ಹೇಳಿದ ಮೇಲೆ ಬದುಕಿರುವವರಿಗೆ ಆಗುವ ಉಪಕಾರವನ್ನು ತೋರಿಸಬೇಕಾಗುತ್ತದೆ. 2022ರಲ್ಲಿ ಯುಜಿಸಿ ಪಿಎಚ್‌.ಡಿ.ಗೆ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ಕೈಬಿಟ್ಟಿದೆ. ಹತ್ತನೆಯ ಅಣು ಮಾಡುವ ಬದಲು ಮೊದಲ ಅಣುವನ್ನು ಕೂಲಂಕಷವಾಗಿ ಪರೀಕ್ಷಿಸಲು ವಿದ್ಯಾರ್ಥಿಗೆ ಬಿಡುವು ಕೊಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ಶೋಧಕಗಳಿಂದ ಜನರ ಸಮಸ್ಯೆ ನೇರವಾಗಿ ಪರಿಹಾರವಾಗುತ್ತದೆ ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಬಾಂಗ್ಲಾದೇಶದಲ್ಲಿ ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. ವಿಷಯ ಸುದ್ದಿಯಾಗಿ, ಸರ್ಕಾರ ದಾಳಿ ಮಾಡಿ ದಂಡ ಹಾಕಿದ ಮೇಲೆ, 2021ಕ್ಕೆ ಅದು ಸೊನ್ನೆಗಿಳಿಯಿತು. ಅಲ್ಲಿ ಅಧಿಕಾರಿಗಳ ಕೈಯಲ್ಲಿದ್ದದ್ದು ಅರಿಸಿನದ ಮೇಲೆ ಹಿಡಿದರೆ ಸೀಸ ತೋರಿಸುವ ಎಕ್ಸ್-ರೇ ಉಪಕರಣ. ನಮ್ಮಲ್ಲೂ ಅಷ್ಟೇ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ನಿನವರು ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ಸೀಸದ ಪೆಟ್ರೋಲು ದೇಶದಾದ್ಯಂತ ನಿಂತದ್ದರಿಂದ ಆದ ಉಪಕಾರ ಯಾವ ಅಣುವಿನಿಂದಲೂ ಆಗಲಾರದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿಯ ನೆರೆಯ ನೀರು ಕುಡಿದು ಅಂಗೈ ಅಂಗಾಲುಗಳಲ್ಲಿ ಗಂಟು ಎದ್ದವರಿಗೆ ಬೇಕಾದದ್ದು ಆರ್ಸೆನಿಕ್ ಇಲ್ಲದ ನೀರು. ಸೀಸ, ಆರ್ಸೆನಿಕ್ ಎಲ್ಲಿದೆ ಎಂದು ಕಂಡುಹಿಡಿಯುವುದು ಇಂದು ಅಷ್ಟು ಕಷ್ಟವಲ್ಲ. ಕಂಡದ್ದರ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟ. ಹಳೆ ಬ್ಯಾಟರಿ ಕರಗಿಸುವ ಶೆಡ್ಡಿನ ಪಕ್ಕದ ಮಣ್ಣಿನಲ್ಲಿ ಸೀಸವಿದೆ ಎಂದು ಹೇಳಲು ಹೊಳೆಯುವ ಕೋಶದ ಅಗತ್ಯ ಯಾರಿಗೂ ಇಲ್ಲ.

ಹಾಗಾದರೆ ಜೀವಂತ ಕೋಶಕ್ಕೇ ಬೇಕಾದ ಪ್ರಶ್ನೆ ಯಾವುದು? 1996ರ ಆಗಸ್ಟ್ 14ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮೀಥೈಲ್ ಪಾದರಸದ ಹನಿಗಳು ಬಿದ್ದವು. ವಿಷಲೋಹಗಳೇ ಅವರ ಸಂಶೋಧನೆಯ ವಿಷಯ, ಎಚ್ಚರಿಕೆಯಿಂದಲೇ ಕೆಲಸ ಮಾಡುತ್ತಿದ್ದರು. ಆದರೆ ಆ ದ್ರವ ಲೇಟೆಕ್ಸ್ ಗವಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಂಗಳುಗಳ ಕಾಲ ಅವರಿಗೆ ಏನೂ ಆಗಿರಲಿಲ್ಲ. ನಂತರ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜನವರಿಯಲ್ಲಿ ಕಾರಣ ಗೊತ್ತಾಯಿತು, ಜೂನ್ 8ರಂದು ತೀರಿಕೊಂಡರು. ಲೋಹ ಒಳಗಿದ್ದೂ ಲಕ್ಷಣ ಕಾಣದ ಆ ತಿಂಗಳುಗಳಲ್ಲಿ ನರಕೋಶಗಳಲ್ಲಿ ನಡೆಯುತ್ತಿದ್ದದ್ದೇನು? ಒಟ್ಟು ಪಾದರಸ ಎಷ್ಟೆಂಬುದನ್ನು ಕೂದಲ ಎಳೆಯಿಂದಲೂ ಹೇಳಬಹುದು. ಕೋಶದ ಒಳಗಿನ ಕತೆ ಹೇಳಲು ಕೋಶ ಬದುಕಿರಬೇಕು.

ಇದರಲ್ಲೇ ಇನ್ನೂ ಬಿಡಿಸಬೇಕಾದ ಗಂಟೊಂದಿದೆ. ಮಿನಮಾಟಾದ ಕಾರ್ಖಾನೆಯಿಂದ ಸಮುದ್ರಕ್ಕೆ ಸೇರಿ, ಮೀನಿನ ಮೂಲಕ ಜನರ ಹೊಟ್ಟೆಗೆ ಹೋದದ್ದು ಮೀಥೈಲ್ ಪಾದರಸ. ವರ್ಷಗಳ ನಂತರ ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಸಿಕ್ಕ ಪಾದರಸದ ಬಹುಪಾಲು ಮೀಥೈಲ್ ಕಳೆದುಕೊಂಡಿತ್ತು. ಈ ಬದಲಾವಣೆ ಮಿದುಳಿನ ಯಾವ ಕೋಶಗಳಲ್ಲಿ, ಎಷ್ಟು ನಿಧಾನವಾಗಿ ಆಗುತ್ತದೆ? ಹಾನಿ ಮಾಡುವುದು ಒಳಬಂದ ರೂಪವೋ, ಉಳಿದುಕೊಂಡ ರೂಪವೋ? ಇಲ್ಲಿ ಶೋಧಕ ಅನಿವಾರ್ಯ. ಇದಕ್ಕೆ ಬೇಕಾದ ಬುನಾದಿಯೂ ಇದೆ. 2006ರಲ್ಲಿ ದಕ್ಷಿಣ ಕೊರಿಯಾದವರು ಬದುಕಿರುವ ಜೀಬ್ರಾಮೀನಿನಲ್ಲಿ ಪಾದರಸವನ್ನು ರೋಡಮೀನ್ ಶೋಧಕದಿಂದ ನೋಡಿದರು. 2009ರ ಹೊತ್ತಿಗೆ ಅಲ್ಲಿನವರೇ ಮೀಥೈಲ್ ಪಾದರಸಕ್ಕೂ ಹೊಳೆಯುವ ಅಣು ಮಾಡಿದರು. ಎರಡೂ ರೂಪಗಳನ್ನು ಬೇರೆಬೇರೆ ಬಣ್ಣದಲ್ಲಿ, ವಾರಗಟ್ಟಲೆ, ಮೀನಿಗೆ ತೊಂದರೆಯಾಗದಂತೆ, ನಿಜವಾದ ವಿಷಪ್ರಮಾಣದಲ್ಲಿ ತೋರಿಸಬಲ್ಲ ಜೋಡಿ ಶೋಧಕ ಬಂದರೆ ಅದು ನೂರು ಹೊಸ ಅಣುಗಳಿಗೆ ಸಮ.

ಆಯ್ಕೆಶಕ್ತಿಗೆ ದಾರಿಗಳೂ ಇವೆ. 1976ರಲ್ಲಿ ಬೆಲ್ಜಿಯಂನ ಲಿಯೇಜ್ ಬಳಿಯ ಸತು ಕಾರ್ಖಾನೆಯ ಕೆಸರಿನಲ್ಲಿ ವಿಷಲೋಹಗಳ ನಡುವೆ ಸುಖವಾಗಿ ಬದುಕುವ ಬ್ಯಾಕ್ಟೀರಿಯಾ ಸಿಕ್ಕಿತು. ಸೀಸ ಬಂದಾಗ ಮಾತ್ರ ತನ್ನ ರಕ್ಷಣೆಯ ಜೀನುಗಳನ್ನು ಚಾಲೂ ಮಾಡುವ ಪಿಬಿಆರ್‌ಆರ್ ಎಂಬ ಪ್ರೋಟೀನು ಅದರಲ್ಲಿದೆ. 2005ರಲ್ಲಿ ಶಿಕಾಗೊದ ಚುವಾನ್ ಹೆ ತಂಡ ಆ ಪ್ರೋಟೀನನ್ನೇ ಬಳಸಿ, ಬೇರೆ ಲೋಹಗಳಿಗಿಂತ ಸಾವಿರ ಪಟ್ಟು ಹೆಚ್ಚು ಸೀಸವನ್ನೇ ಆರಿಸುವ ಶೋಧಕ ಮಾಡಿತು. ಮರುವರ್ಷ ಬರ್ಕ್ಲಿಯ ಕ್ರಿಸ್ ಚಾಂಗ್ ಅವರ ತಂಡ ನೀರಿನಲ್ಲಿ, ಕೋಶದಲ್ಲಿ ಕೆಲಸ ಮಾಡುವ ಲೆಡ್‌ಫ್ಲೋರ್-1 ಕಟ್ಟಿತು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಅಡಗಿದ್ದು, ಬಸಿರಿನಲ್ಲಿ ತಾಯಿಯ ಮೂಳೆ ಕರಗುವಾಗ ಮತ್ತೆ ರಕ್ತಕ್ಕೆ ಇಳಿದು ಮಗುವನ್ನು ತಲುಪುತ್ತದೆ. ಮೂಳೆ ತಿನ್ನುವ ಕೋಶಗಳಿಂದ ಅದು ಹೊರಬರುವ ಹೊತ್ತನ್ನು, ದಾರಿಯನ್ನು ಇಂಥ ಅಣುಗಳಿಂದ ಹಿಂಬಾಲಿಸಲು ಸಾಧ್ಯ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ 2020ರಲ್ಲಿ ಅಂದಾಜು ಮಾಡಿದಂತೆ ಭಾರತದ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮೀರಿದೆ. ಅವರಲ್ಲಿನ ಹೆಣ್ಣುಮಕ್ಕಳು ಮುಂದೆ ತಾಯಂದಿರಾಗುತ್ತಾರೆ. ಈ ಪ್ರಶ್ನೆ ನಮ್ಮದಲ್ಲದೆ ಮತ್ತಾರದು?

ಆದ್ದರಿಂದ ಶೋಧಕಕ್ಕೆ ಅನುದಾನ ಕೊಡುವವರು, ಪ್ರಬಂಧ ಪರೀಕ್ಷಿಸುವವರು ಚಿತ್ರ ನೋಡುವ ಮುಂಚೆ ಕೇಳಬೇಕಾದ್ದು ಬೇರೆ. ಕುರುಡು ಜೋಡಿ ಅಣು ಮಾಡಿದ್ದೀರಾ, ಕೋಶದಲ್ಲಿ ಎಷ್ಟು ಶೋಧಕ ಸೇರಿತ್ತು, ಲೋಹ ಸುರಿಯದೆ, ವಿಷಕ್ಕೊಳಗಾದ ಪ್ರಾಣಿಯಿಂದಲೇ ತೆಗೆದ ಕೋಶದಲ್ಲಿ ಏನು ಕಂಡಿತು, ಬೇರೆ ಪ್ರಯೋಗಾಲಯಕ್ಕೆ ಕೊಟ್ಟಾಗಲೂ ಅದೇ ಕಂಡಿತೇ? ಒಂದೇ ಊರಿನಲ್ಲಿ ರಸಾಯನಶಾಸ್ತ್ರ ವಿಭಾಗ, ವೈದ್ಯಕೀಯ ಕಾಲೇಜು, ಮೀನುಗಾರಿಕೆ ಕಾಲೇಜು ಇರುವ ಮಂಗಳೂರಿನಂಥ ಕಡೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ. ಅಣು ಮಾಡಬಲ್ಲವರು ಅಲ್ಲಿದ್ದಾರೆ, ಮೀನು ಸಾಕಬಲ್ಲವರು ಇದ್ದಾರೆ, ರಕ್ತದಲ್ಲಿ ಸೀಸ ಅಳೆಸಬಲ್ಲ ವೈದ್ಯರಿದ್ದಾರೆ. ಮೂವರೂ ಸೇರಿ ಒಂದು ಪಿಎಚ್‌.ಡಿ.ಗೆ ಮಾರ್ಗದರ್ಶನ ಮಾಡಲು ವಿಶ್ವವಿದ್ಯಾಲಯಗಳ ನಿಯಮದಲ್ಲಿ ಜಾಗ ಮಾಡಿಕೊಡುವುದು ಕುಲಪತಿಗಳ ಕೈಯಲ್ಲಿರುವ ಕೆಲಸ.